ಸಗಣಿ ಮೆತ್ತಿದ ಸಿಮೆಂಟಿನ ಇಳಿಜಾರು

ಹೊನ್ನಾಳಿಯಲ್ಲಿ ಶಿವಮೊಗ್ಗದ ರಸ್ತೆಗೆ ಹೊಂದಿಕೊಂಡು ನನ್ನದೊಂದು ವಾಟರ್ ಸರ್ವಿಸ್ ಶೆಡ್ಡು ಇತ್ತು. ಎಂಬತ್ತರ ದಶಕದ ನಡುವಿನ ಮಾತು. ಲಾರಿ, ಟ್ರ್ಯಾಕ್ಟರು, ಅಪರೂಪಕ್ಕೆ ಬಸ್ಸು, ಎಲ್ಲವೂ ಗದ್ದೆಯ ಕೆಸರು ಮೆತ್ತಿಕೊಂಡು ಬಂದು ನನ್ನ ಪಂಪಿನ ಗನ್ನಿನಿಂದ ಚಿಮ್ಮುವ ನೀರಿಗೆ ಮೈಯೊಡ್ಡಿ ಹೋಗುತ್ತಿದ್ದವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗ್ಯಾರೇಜಿನಲ್ಲಿ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದರಿಂದ ಶುರು ಮಾಡಿ ಸ್ವಂತ ಪಂಪು ಹಾಕಿದವನು ನಾನು. ಯಾರ ಮುಂದೆಯೂ ಕೈಯೊಡ್ಡಿ ಮೇಲೆ ಬಂದವನಲ್ಲ. ಡೀಸೆಲ್ ಎಂಜಿನ್ನಿಗೆ ಜೋಡಿಸಿದ ಆ ಪಂಪನ್ನು ನನ್ನ ಬಿಟ್ಟು ಇನ್ನೊಬ್ಬರು ಮುಟ್ಟಲು ಬಿಡುತ್ತಿರಲಿಲ್ಲ. ಗನ್ನನ್ನು ತುಸು ಹತ್ತಿರ ಹಿಡಿದರೆ ಸಾಕು, ಲಾರಿಯ ಪೇಂಟು ಸಿಪ್ಪೆಯೆದ್ದು ಬರುತ್ತಿತ್ತು. ಮನುಷ್ಯನ ಮೈಗೆ ತಗುಲಿದರೆ ಕೇಳುವುದೇ ಬೇಡ.

ಮಳೆ ಹಿಂದಾಗಿ ಭತ್ತ ತೆನೆ ಬಾಗುತ್ತಿದ್ದ ದಿನಗಳಲ್ಲಿ ಒಂದು ಬೆಳಗ್ಗೆ, ಸಾಸ್ವೆಹಳ್ಳಿ ಕಡೆಯ ಹಳ್ಳಿಯೊಂದರ ರೈತ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರು ಕಟ್ಟಿಕೊಂಡು ಶೆಡ್ಡಿಗೆ ಬಂದ. ನನ್ನ ಕಾಯಂ ಗಿರಾಕಿ, ನನಗಿಂತ ಚಿಕ್ಕವನು. ಅವತ್ತು ಎಂಜಿನ್ ಆಫ್ ಮಾಡಲಿಲ್ಲ, ಕೆಳಗೂ ಇಳಿಯಲಿಲ್ಲ.

"ಪಂಪು ಮ್ಯಾಲೆ ಹಾಕ್ಕಳ್ರಿ ಅಣ್ಣ. ಮನೆ ಮುಂದ್ಲ ಇಳಿಜಾರು ತೊಳೀಬೇಕು."

ನನಗೆ ನಗು ಬಂತು. "ಅಂಗಳ ತೊಳೆಯಾಕೆ ಮನ್ಯಾಗೆ ಹೆಣ್ಮಕ್ಕಳು ಇಲ್ಲೇನೋ?"

"ಇದ್ದಿದ್ರೆ ನಿಮ್ಮತ್ರ ಯಾಕೆ ಬರ್ತಿದ್ದೆ," ಅಂದ ಅವನು. ನಗಲಿಲ್ಲ.

ಆಮೇಲೆ ವಿಷಯ ಹೇಳಿದ. ಅವರ ಮನೆ ದಿಬ್ಬದ ಮೇಲೆ, ರಸ್ತೆ ಕೆಳಗೆ. ಗಾಡಿ ಹತ್ತಲಿ ಎಂದು ಅವನ ಅಪ್ಪ ತೀರಿಕೊಳ್ಳುವ ಮುಂಚೆ ರಸ್ತೆಯಿಂದ ಬಾಗಿಲ ತನಕ ಸಿಮೆಂಟು ಹಾಕಿಸಿದ್ದರು. ಆದರೆ ಅವ್ವನಿಗೆ ಬಾಗಿಲ ಮುಂದೆ ಸಗಣಿ ಸಾರಿಸದೆ ಬೆಳಕು ಹರಿಯುತ್ತಿರಲಿಲ್ಲ. ಮಣ್ಣಿನ ಅಂಗಳಕ್ಕೆ ಸಾರಿಸಿದಂತೆಯೇ ಆಕೆ ಸಿಮೆಂಟಿಗೂ ದಿನಾ ಸಾರಿಸಿದಳು. ಮಣ್ಣು ಸಗಣಿಯನ್ನು ಕುಡಿದುಕೊಳ್ಳುತ್ತದೆ, ಸಿಮೆಂಟು ಕುಡಿಯುತ್ತದೆಯೇ? ಪದರದ ಮೇಲೆ ಪದರ ಕೂತಿತು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿತು. ಶ್ರಾವಣದಲ್ಲಿ ಒಂದು ದಿನ ಇವನ ಹೆಂಡತಿ ರಸ್ತೆಯ ನಲ್ಲಿಯಿಂದ ಕೊಡ ಹೊತ್ತು ಹತ್ತುವಾಗ ಜಾರಿ, ಕೊಡದ ಸಮೇತ ಕೆಳಗೆ ಬಂದಳು. ಬಲಗೈ ಮುರಿಯಿತು.

ಜಗಳೂರು ಕಡೆಯ ಅವಳ ಅಪ್ಪ ಸುದ್ದಿ ತಿಳಿದು ಬಂದವನು, ಮಗಳನ್ನು ಮನೆಗೂ ಬಿಡದೆ ಆಸ್ಪತ್ರೆಯಿಂದಲೇ ತವರಿಗೆ ಕರೆದುಕೊಂಡು ಹೋಗಿದ್ದ. ಕಟ್ಟು ಬಿಚ್ಚಿ ಬಹಳ ದಿನ ಆಗಿದ್ದರೂ ಕಳಿಸಿರಲಿಲ್ಲ. ಈಗ ಹೇಳಿಕಳಿಸಿದ್ದ: ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಇಳಿಜಾರನ್ನು ಕಣ್ಣಾರೆ ನೋಡುತ್ತೇನೆ, ಹಾಗೇ ಇದ್ದರೆ ಮಗಳ ಟ್ರಂಕು, ಪಾತ್ರೆ ಎಲ್ಲಾ ಎತ್ತಿಸಿಕೊಂಡು ಹೋಗುತ್ತೇನೆ.

ಟ್ರಂಕು ಹೋಯಿತೆಂದರೆ ಸಂಸಾರ ಮುಗಿಯಿತೆಂದೇ ನಮ್ಮ ಕಡೆ ಲೆಕ್ಕ.

"ಸಲಿಕೆ ತಗಂಡು ಕೆರೀಬಾರ್ದೇನೋ?" ಎಂದೆ.

"ಒಂದು ಮೊಳ ಕೆರೆಯೋದ್ರೊಳಗೆ ಅವ್ವ ಹಿಂದಿಂದ ಮತ್ತೆ ಸಾರಿಸ್ಕಂತ ಬರ್ತಾಳೆ. ಒಂದೇ ಏಟಿಗೆ ಆಗ್ಬೇಕಣ್ಣ. ಅದಕ್ಕೇ ಬಂದೆ."

ಇಬ್ಬರೂ ಸೇರಿ ಪಂಪನ್ನು ಟ್ಯಾಂಕರಿನ ಮುಂದಿನ ಹಲಗೆಯ ಮೇಲೆ ಎತ್ತಿ ಬಿಗಿದೆವು. ದಾರಿಯುದ್ದಕ್ಕೂ ಅವನು ಬಿಸಿಲನ್ನೇ ನೋಡುತ್ತಿದ್ದ.

ಊರು ಮುಟ್ಟಿದಾಗ ನಲ್ಲಿಯ ಹತ್ತಿರ ಹೆಂಗಸರು ಸಾಲಾಗಿ ಕೊಡ ಇಟ್ಟುಕೊಂಡು ನಿಂತಿದ್ದರು. ನಾನು ಪೈಪು ಬಿಚ್ಚುವುದನ್ನು ಕಂಡು ಒಬ್ಬಳು, "ಗಂಡಸ್ರು ಅಂಗಳ ತೊಳೆಯೋ ಕಾಲ ಬಂತಲ್ರೇ, ನಾಳೆ ನಮ್ಮನೆಗೂ ಕರೀರಿ," ಅಂದಳು. ಇನ್ನೊಬ್ಬಳು, "ರಂಗೋಲಿನೂ ಬಿಡ್ತಾರೇನು ಕೇಳೇ," ಅಂದಳು. ನನ್ನ ಕಿವಿ ಬಿಸಿಯಾಯಿತು. ಲಾರಿಯ ಓನರುಗಳು ನನ್ನ ಶೆಡ್ಡಿನ ಮುಂದೆ ಕಾದು ನಿಲ್ಲುತ್ತಿದ್ದರು. ಇಲ್ಲಿ ನಾನು ನಗೆಪಾಟಲಾಗಿದ್ದೆ. ವಾಪಸು ಹೋಗಿಬಿಡಬಹುದಿತ್ತು. ಆದರೆ ಒಪ್ಪಿಕೊಂಡು ಬಂದ ಕೆಲಸವನ್ನು ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸವಿಲ್ಲ.

ತಲೆಯೆತ್ತಿ ನೋಡಿದರೆ ಇಳಿಜಾರಿನ ನಟ್ಟನಡುವೆ ಅವನ ಅವ್ವ ಕೂತಿದ್ದಳು. ಬಿಳಿಯ ತಲೆ, ಒಣಗಿದ ಮೈ, ಮೊಣಕಾಲು ಮಡಚಿ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. ಆಕೆಯ ಸುತ್ತ ಆ ಇಳಿಜಾರು ಎಮ್ಮೆಯ ಬೆನ್ನಿನಂತೆ ಕಪ್ಪಗೆ, ಹಸಿರಾಗಿ ಹೊಳೆಯುತ್ತಿತ್ತು. ಹೆಜ್ಜೆ ಇಡಲು ನನಗೇ ಭಯವಾಯಿತು.

"ಅವ್ವ, ಏಳು," ಅಂದ ಮಗ.

ಆಕೆ ಅವನ ಕಡೆ ನೋಡಲಿಲ್ಲ. ನನ್ನನ್ನು ಕೇಳಿದಳು: "ನಮ್ಮನ್ಯಾಗೆ ಯಾರು ಸತ್ತಾರಪ್ಪ?"

ನಾನು ಪೈಪಿನ ಸುರುಳಿ ಕೆಳಗಿಟ್ಟೆ.

"ಹೆಣ ಎತ್ತಿದ ಮ್ಯಾಲೆ ಅಲ್ಲೇನು, ಅಂಗಳಕ್ಕೆ ಬರೇ ನೀರು ಬಿಟ್ಟು ತೊಳೆಯೋದು? ಸಗಣಿ ಇಲ್ಲ, ರಂಗೋಲಿ ಇಲ್ಲ. ಬೀಗರು ಬರೋ ದಿನ ನಮ್ಮಂಗಳ ಹಂಗೆ ಮಾಡಾಕೆ ಹೊನ್ನಾಳಿಯಿಂದ ಮಿಷನ್ ತಂದೀಯಲ್ಲ, ನಿನಗೇನು ಮನೆ ಮಠ ಇಲ್ಲೇನು?"

ನನ್ನ ತಾಯಿ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ಮಗ ನನ್ನ ಪಕ್ಕಕ್ಕೆ ಬಂದು, "ಕೆಳಗಿಂದ ಶುರು ಮಾಡ್ರಿ ಅಣ್ಣ. ಬಸ್ಸು ಬರಾಕೆ ಹೊತ್ತಿಲ್ಲ," ಅಂದ.

ಎಂಜಿನ್ ಹ್ಯಾಂಡಲು ಹೊಡೆದೆ. ಪೈಪು ಬಿಗಿಯಾಗಿ ನೆಲದ ಮೇಲೆ ಒಮ್ಮೆ ಹೊರಳಿತು. ರಸ್ತೆಯಂಚಿನಿಂದ ಗನ್ನು ಬಿಟ್ಟೆ. ಮೊದಲಿಗೆ ಬರೀ ಹಸಿರು ನೀರು ಎಗರಿತು. ಗನ್ನನ್ನು ತುಸು ತಗ್ಗಿಸಿ ವಾರೆ ಮಾಡಿದ ಮೇಲೆ ಪದರ ಬಿಡತೊಡಗಿತು. ತಟ್ಟೆಯಷ್ಟಗಲದ ಹೊಪ್ಪಳಿಕೆಗಳು ಒಂದರ ಹಿಂದೆ ಒಂದು ಎದ್ದು ಚರಂಡಿಯ ಕಡೆ ಜಾರಿದವು. ವರ್ಷಗಟ್ಟಲೆ ಮುಚ್ಚಿಟ್ಟ ಕೊಟ್ಟಿಗೆಯ ವಾಸನೆ ಎದ್ದಿತು. ನಲ್ಲಿಯ ಹೆಂಗಸರು ಮೂಗು ಮುಚ್ಚಿಕೊಂಡು, ಕೊಡ ಎತ್ತಿಕೊಂಡು ದೂರ ಸರಿದರು. ನಗು ನಿಂತಿತು.

ಒಂದೊಂದೇ ಗೇಣು ಮೇಲೆ ಹತ್ತುತ್ತಾ ಹೋದೆ. ನನ್ನ ಮುಂದೆ ಸಿಮೆಂಟು ಬೆಳ್ಳಗಾಗುತ್ತಿತ್ತು. ಅದರ ಆಚೆ ಆಕೆ ಹಾಗೇ ಕೂತಿದ್ದಳು. ನೀರಿನ ತುಂತುರು ಆಕೆಯ ಸೀರೆಯ ಅಂಚಿಗೆ ತಾಗಿತು. ಕದಲಲಿಲ್ಲ. ಸಗಣಿಯ ಚೂರೊಂದು ಹಾರಿ ಆಕೆಯ ಹಣೆಗೆ ಮೆತ್ತಿತು. ಒರೆಸಿಕೊಳ್ಳಲಿಲ್ಲ. ಆಕೆಗೆ ಇನ್ನು ಎರಡು ಮಾರು ಉಳಿದಾಗ ನಾನು ಗನ್ನಿನ ಕೀಲಿ ಬಿಟ್ಟು ನೀರು ನಿಲ್ಲಿಸಿದೆ.

"ಹೊಡೀರಣ್ಣ, ಏಳ್ತಾಳೆ," ಅಂದ ಮಗ.

"ಇದು ಹೆದರ್ಸೋ ನೀರಲ್ಲಪ್ಪ. ತಾಗಿದ್ರೆ ಚರ್ಮ ಬರ್ತೈತೆ."

"ಹಂಗಾರೆ ನಾನೇನು ಮಾಡ್ಲಿ? ಎತ್ತಿ ಒಗೀಲೇನು ಅವ್ವನ್ನ?"

"ಒಗಿ," ಅಂದಳು ಆಕೆ. "ಇಲ್ಲಿಂದ ಒಗೆದ್ರೆ ಸೀದಾ ರಸ್ತೆಗೆ ಹೋಗ್ತೀನಿ. ನಿನ್ನ ಹೆಂಡ್ತಿ ಹೋದಂಗೆ."

ಗನ್ನು ಮುಚ್ಚಿದ್ದರಿಂದ ಪಂಪಿನ ಸದ್ದು ಬದಲಾಗಿ ಎಂಜಿನ್ ತೇಕತೊಡಗಿತ್ತು. ಬಹಳ ಹೊತ್ತು ಹಾಗೆ ಬಿಡುವಂತಿರಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ಮಗ ರಸ್ತೆಯ ತಿರುವನ್ನು ನೋಡಿದ, ಅವ್ವನನ್ನು ನೋಡಿದ, ಮತ್ತೆ ರಸ್ತೆಯನ್ನು ನೋಡಿದ. ನಾನು ಏನು ಮಾಡುವುದೆಂದು ತಿಳಿಯದೆ ಕಾಲ ಕೆಳಗಿನ ಸಿಮೆಂಟು ನೋಡಿದೆ. ಆಗ ಕಂಡದ್ದು: ತೊಳೆದ ಜಾಗದಲ್ಲೆಲ್ಲ ಅಡ್ಡಡ್ಡಲಾಗಿ ಗೆರೆಗಳಿದ್ದವು, ಬೆರಳಿನಷ್ಟು ಆಳ. ಗೆರೆಯ ಒಳಗೆ ಹುರಿಯ ಎಳೆಗಳ ತಿರುವು ಸಹ ಅಚ್ಚಾಗಿತ್ತು. ಸಿಮೆಂಟು ಹಸಿಯಿದ್ದಾಗ ಯಾರೋ ಹಗ್ಗ ಒತ್ತಿ ಎಳೆದಿದ್ದರು.

"ಇದೇನು, ಹಗ್ಗ ಹಾಕ್ಸೀರಾ?" ಎಂದು ಕೇಳಿದೆ.

ಮಗ ಬಗ್ಗಿ ನೋಡಿದ. ಅವನಿಗೂ ನೆನಪಿರಲಿಲ್ಲ. ಮೇಲೆ ಕೂತಿದ್ದ ಆಕೆ ಕತ್ತು ಚಾಚಿದಳು. ಕೂತಲ್ಲೇ ಕೈಯೂರಿ ಸ್ವಲ್ಪ ಕೆಳಗೆ ಜರುಗಿ, ಒಂದು ಗೆರೆಯ ಮೇಲೆ ಬೆರಳಾಡಿಸಿದಳು.

"ನಿಮ್ಮಪ್ಪ ಹಾಕ್ಸಿದ್ದು," ಅಂದಳು. "ಬಾವಿ ಹಗ್ಗ ತಂದು ಮೇಸ್ತ್ರಿ ಜೊತೆ ತಾನೇ ಒಂದು ತುದಿ ಹಿಡ್ಕಂಡು ಕೂತಿದ್ದ. ಹೇರು ಹೊತ್ತ ಎತ್ತು ಜಾರಬಾರ್ದು ಅಂತ."

ಎಂಜಿನ್ ಬಡಿದುಕೊಳ್ಳುತ್ತಲೇ ಇತ್ತು.

"ಎತ್ತು ಜಾರಬಾರ್ದು," ಅಂದ ಮಗ ಮೆಲ್ಲಗೆ. "ಮನ್ಯಾಕಿ ಜಾರಿದ್ರೆ ನಡೀತೈತೇನವ್ವ?"

ಆಕೆಯ ಕೈ ಅಲ್ಲೇ ನಿಂತಿತು. ನೆಲಕ್ಕೆ ಕೈ ಕೊಟ್ಟು ಎದ್ದಳು. ಮಗ ಹಿಡಿಯಲು ಹೋದ, ತಳ್ಳಿದಳು. ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಒಪ್ಪಿದಳೋ ಮುನಿದಳೋ ನಮಗೆ ತಿಳಿಯಲಿಲ್ಲ.

ಆಮೇಲೆ ನಾನು ತಲೆಯೆತ್ತಲಿಲ್ಲ. ಆಕೆ ಕೂತಿದ್ದ ಜಾಗ ದಾಟಿದೆ. ಪಕ್ಕದ ಕಟ್ಟೆಯ ಸಂದು, ಮೂಲೆ, ಎಲ್ಲೂ ಬಿಡದೆ ಎಳೆದೆ. ಬಾಗಿಲಿಗೆ ಇನ್ನೊಂದು ಮಾರು ಇದ್ದಾಗ ಗನ್ನು ಕೆಮ್ಮಿತು. ನೀರು ಒಮ್ಮೆ ಬಂತು, ಒಮ್ಮೆ ಬರೀ ಗಾಳಿ. ಟ್ಯಾಂಕರು ಖಾಲಿ. ಎಂಜಿನ್ ನಿಲ್ಲಿಸಲು ಓಡಿಬಂದಾಗ ರಸ್ತೆಯಲ್ಲಿ ಒಬ್ಬರು ನಿಂತು ಚರಂಡಿಯಲ್ಲಿ ಹರಿಯುವ ನೀರನ್ನು ನೋಡುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಬಿಸಿಲಿಗೆ ಕಪ್ಪಾದ ಮುಖ.

"ಮಾವ," ಅಂದ ಮಗ. ಬಸ್ಸು ಬಂದದ್ದು ಎಂಜಿನ್ ಸದ್ದಿನಲ್ಲಿ ನಮಗೆ ಕೇಳಿರಲಿಲ್ಲ.

"ಈ ನೀರು ನಮ್ಮೂರಾಗಿದ್ರೆ ನಾಕು ಮನೆಯೋರು ವಾರ ಕುಡೀತಿದ್ರು," ಅಂದರು ಅವರು. ಕಾಲ್ಮರಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಮೇಲೆ ಹತ್ತತೊಡಗಿದರು. ಒಂದೊಂದು ಹೆಜ್ಜೆಯನ್ನೂ ಒತ್ತಿ ನೋಡಿ ಇಡುತ್ತಿದ್ದರು. ನಾವಿಬ್ಬರೂ ಹಿಂದೆ. ತೊಳೆದ ಜಾಗ ಮುಗಿದಲ್ಲಿ ನಿಂತರು. ಬಾಗಿಲ ಮುಂದಿನ ಆ ಒಂದು ಮಾರು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಒತ್ತಿದರು, ಬೆರಳು ಸರ್ರೆಂದು ಸರಿಯಿತು.

"ಇದ್ರ ಮ್ಯಾಲೇನಾ ನನ್ನ ಮಗಳು ಬಿದ್ದಿದ್ದು?"

"ನೀರು ಮುಗೀತು ಯಜಮಾನ್ರೆ, ಇನ್ನೊಂದು ಗಳಿಗೆ..." ಎಂದು ನಾನೇ ಹೇಳಿದೆ.

"ನೀವು ತೊಳೀತೀರಿ. ಹಣಕ್ಕೆ ಬಂದೋರು, ತೊಳೆದು ಹೋಗ್ತೀರಿ. ನಾಳೆ ಬೆಳಿಗ್ಗೆ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವ್ವ ಹೊರಗೆ ಬಂದಳು. ಸೊಂಟದ ಮೇಲೆ ಕೊಡ. ಎದುರಿಗೆ ನಿಂತ ಬೀಗರನ್ನು ನೋಡಿದಳು. ಕೂತ್ಕಳ್ರಿ ಅನ್ನಲಿಲ್ಲ, ಕಾಲಿಗೆ ನೀರು ಕೊಡಲಿಲ್ಲ. ಕೊಡವನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು ಕೇಳಿದಳು: "ಕೈ ನೆಟ್ಟಗಾತೇನು ಹುಡುಗೀದು?"

"ಆಗೈತೆ. ಭಾರ ಎತ್ತಾಕೆ ಆಗಲ್ಲ. ಕೊಡ ಹೊರಾಕೆ ಆಗಲ್ಲ."

ಆಕೆ ಆ ಜಾರು ಪಟ್ಟಿಯನ್ನು ಗೋಡೆ ಹಿಡಿದುಕೊಂಡು ದಾಟಿ, ತೊಳೆದ ಸಿಮೆಂಟಿನ ಮೇಲೆ ಕೆಳಗಿಳಿದಳು. ನಲ್ಲಿಯ ಹೆಂಗಸರು ಸಾಲು ಬಿಟ್ಟು ದಾರಿ ಕೊಟ್ಟರು. ಕೊಡ ತುಂಬುವ ತನಕ ಎಲ್ಲರೂ ನಿಂತೇ ಇದ್ದೆವು. ಮಗ ಕೆಳಗೆ ಹೋಗಲು ಹೊರಟಾಗ ಮಾವ ಅವನ ತೋಳು ಹಿಡಿದು, "ಬಿಡು," ಅಂದರು.

ತುಂಬಿದ ಕೊಡ ಹೊತ್ತು ಆಕೆ ಹತ್ತಿದಳು. ಕಾಲ್ಬೆರಳುಗಳು ಹಗ್ಗದ ಗೆರೆಗಳನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದವು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಎಷ್ಟೋ ಲಾರಿಯ ಅಡಿಗೆ ಜಾಕಿನ ಭರವಸೆಯಲ್ಲಿ ಮಲಗಿದ್ದೇನೆ, ಆಗಿನಂಥ ಭಯ ಯಾವತ್ತೂ ಆಗಿರಲಿಲ್ಲ. ಮೇಲೆ ಬಂದು ಕೊಡವನ್ನು ನನ್ನ ಮುಂದೆ ಇಳಿಸಿದಳು.

"ಮಿಕ್ಕಿದ್ದು ತಿಕ್ಕಪ್ಪ," ಅಂದಳು. "ಹೊಸಿಲ ಮುಂದೆ ಒಂದು ಗೇಣು ಬಿಡು. ಅಷ್ಟು ಸಾರಿಸ್ತೀನಿ, ಅಷ್ಟೇ." ಆಮೇಲೆ ಬೀಗರ ಕಡೆ ತಿರುಗದೆಯೇ ಹೇಳಿದಳು: "ಕೊಡ ನಾನೇ ಹೊರ್ತೀನಿ. ಆಕಿ ಹೊರೋದು ಬ್ಯಾಡ."

ನಾನು ಪರಕೆಯ ಮೋಟು ಇಸಿದುಕೊಂಡು ಕುಕ್ಕರಗಾಲಲ್ಲಿ ಕೂತೆ. ಆಕೆ ಸುರಿದಳು, ನಾನು ತಿಕ್ಕಿದೆ. ಮಗ ಸಲಿಕೆ ತಂದು ಕೆರೆದ. ಈ ಸಲ ಯಾರೂ ಅವನ ಹಿಂದಿನಿಂದ ಸಾರಿಸುತ್ತ ಬರಲಿಲ್ಲ. ನಲ್ಲಿಯ ಹತ್ತಿರ ಯಾರೂ ನಗಲಿಲ್ಲ. ಆಕೆ ಕೊಡ ಎತ್ತಿಕೊಂಡು ಮತ್ತೆ ಇಳಿಯಲು ಹೊರಟಾಗ ಮಾವ ಟವೆಲನ್ನು ಕಟ್ಟೆಯ ಮೇಲಿಟ್ಟು ಎದುರು ಬಂದರು.

"ಇಲ್ಲಿ ಕೊಡ್ರಿ ಬೀಗ್ತಿ, ಇದೊಂದು ಕೊಡ ನಾ ತರ್ತೀನಿ," ಅಂದರು. ಆಕೆ ಕೊಡಲಿಲ್ಲ. ಅವರೂ ಕೊಡದ ಬಾಯಿ ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ, "ಸೋಮವಾರ ಕರ್ಕಂಬರ್ತೀನಿ ಹುಡುಗೀನ," ಅಂದರು.

ಆಕೆ ಕೊಡ ಬಿಟ್ಟಳು.