ಕುಟ್ಟಿ ಉಚ್ಚೆ ಹೊಯ್ದ ಕಲ್ಲು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನಮ್ಮ ಬೆಕ್ಕು ಮನೆಯಲ್ಲಿ ಉಳಿಯಬೇಕೋ ಹೋಗಬೇಕೋ ಎಂಬುದು ಒಂದು ಕಲ್ಲಿನ ವಾಸನೆಯ ಮೇಲೆ ನಿಂತುಬಿಟ್ಟಿತ್ತು.

ನಮ್ಮ ಊರು ಕ್ಯಾಸಂಬಳ್ಳಿಯ ಪಕ್ಕ. ಅಪ್ಪ ಸೈಕಲ್ ಮೇಲೆ ಹತ್ತಿರದ ಚಿನ್ನದ ಗಣಿ ಮೈಸೂರು ಮೈನ್ಸಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ. ರಾಗಿ ಮೂಟೆಗಳಿಗೆ ಇಲಿಕಾಟ ಹೆಚ್ಚಾದಾಗ, ಅಲ್ಲಿಯ ಗಣಿ ಕೆಲಸದವರ ಮನೆಯಿಂದ ಬೂದು ಬಣ್ಣದ ಬೆಕ್ಕಿನ ಮರಿಯೊಂದನ್ನು ಊಟದ ಚೀಲದಲ್ಲಿ ಕೂರಿಸಿಕೊಂಡು ತಂದ. ಅವರು ಇಟ್ಟಿದ್ದ ತಮಿಳು ಹೆಸರು ಕುಟ್ಟಿ. ಅದಕ್ಕೆ ಕನ್ನಡ ಬರುವುದಿಲ್ಲವೆಂದೇ ಅಪ್ಪ ನಂಬಿದ್ದ. ಹಾಲು ಹಾಕುವಾಗ "ವಾ ಕುಟ್ಟಿ, ವಾ" ಎಂದು ಕರೆಯುತ್ತಿದ್ದ.

ಕುಟ್ಟಿ ಬಂದ ಮೇಲೆ ಇಲಿಗಳು ಅಡಗಿದವು. ಚಳಿಯಲ್ಲಿ ಅದು ನನ್ನ ಪಾದದ ಮೇಲೆ ಮಲಗಿದರೆ ಬೆಚ್ಚಗಿನ ರೊಟ್ಟಿ ಇಟ್ಟ ಹಾಗಿರುತ್ತಿತ್ತು. ಒಂದೇ ಕೆಟ್ಟ ಅಭ್ಯಾಸ. ಬೆಳಗಾದರೆ ದೇವರ ಗೂಡಿನ ಮುಂದಿನ ಕಡಪಾ ಕಲ್ಲಿನ ಮೇಲೆ ಉಚ್ಚೆ ಹೊಯ್ದಿರುತ್ತಿತ್ತು. ಸಾಂಬ್ರಾಣಿ ಹಾಕಿದರೂ ಆ ಘಾಟು ಮೂಗಿಗೆ ಬಡಿಯುತ್ತಿತ್ತು. ಅಮ್ಮ ತೊಳೆಯುತ್ತಿದ್ದಳು. ಅವಳು ತೊಳೆದ ಮೇಲೆ ಅಜ್ಜಿ, ಮೊದಲಿನಿಂದಲೂ ಮಾಡುತ್ತಿದ್ದ ಹಾಗೆ, ಕೊಟ್ಟಿಗೆಯಿಂದ ಹಸುವಿನ ಗಂಜಲವನ್ನು ಚೊಂಬಿನಲ್ಲಿ ತಂದು, ಮಾವಿನೆಲೆಯಿಂದ ಚಿಮುಕಿಸಿ ಮೈಲಿಗೆ ಕಳೆಯುತ್ತಿದ್ದಳು. ಗಂಜಲ ನಮಗೆ ಪವಿತ್ರ. ಆದರೆ ಮರುದಿನ ಅದೇ ಕಲ್ಲು, ಅದೇ ಕಥೆ.

ಒಂದು ಗುರುವಾರ ಅಜ್ಜಿಗೆ ಸಾಕಾಗಿಹೋಯಿತು.

"ಸ್ವಾಮಿ ಮುಂದೇನೇ ಉಚ್ಚೆ ಒಯ್ತದಲ್ಲೋ ಇದು! ನಾಳೆ ಸುಕ್ರವಾರ. ನಾಳೇನೂ ಇಂಗೇ ಮಾಡಿದ್ರೆ ಗೋಣಿಚೀಲಕ್ಕಾಕ್ಕೊಂಡೋಗಿ ತಂದ ಕಡೆನೇ ಬಿಟ್ಬಾರ್ಲಾ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ನನ್ನ ಮುಖ ನೋಡಲಾರದೆ "ಆಯ್ತಮ್ಮ" ಎಂದು ಸೈಕಲ್ ಹತ್ತಿದ. ನಾನು ಕಂಬ ಹಿಡಿದುಕೊಂಡು ಅತ್ತೆ.

"ಅತ್ರೆ ಕಲ್ಲಿನ ವಾಸ್ನೆ ಓಗಲ್ಲ ಕಣೇ, ಬಾ" ಎಂದಳು ಅಮ್ಮ.

ಮೊದಲು ಕುದಿಯುವ ನೀರು ಸುರಿದೆವು. ಆವಿಯೊಡನೆ ವಾಸನೆ ಮೇಲೆದ್ದು ಇಬ್ಬರ ಕಣ್ಣಲ್ಲೂ ನೀರು ಬಂತು. "ಮಲಗಿದ್ದಿದ್ದನ್ನ ಎಬ್ಬಿಸಿದಂಗಾಯ್ತು" ಎಂದು ಅಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಕ್ಕಳು. ಆಮೇಲೆ ಒಲೆಯ ಬೂದಿಯನ್ನು ದಪ್ಪಗೆ ಹರಡಿ, ಅದು ತೇವ ಹೀರುವವರೆಗೂ ಬಿಟ್ಟು ಗುಡಿಸಿದೆವು. ಅಂಟುವಾಳ ನೆನೆಸಿ ನೊರೆ ಬರಿಸಿ, ತೆಂಗಿನ ನಾರಿನಿಂದ ತಿಕ್ಕಿ, ತಣ್ಣೀರಿನಲ್ಲಿ ತೊಳೆದೆವು. ಕಲ್ಲು ಕನ್ನಡಿಯಂತೆ ಹೊಳೆಯಿತು. ಆದರೂ ಎಲ್ಲಿಂದಲೋ ಸಣ್ಣಗೆ ಘಾಟು. ನಾನು ನೆಲಕ್ಕೆ ಮೂಗು ಹಚ್ಚಿ ಹುಡುಕಿದೆ. ಎರಡು ಕಲ್ಲುಗಳ ನಡುವಿನ ಸಂದಿನಲ್ಲಿದ್ದ ಹಳೆಯ ಗಾರೆ ಎಲ್ಲವನ್ನೂ ಕುಡಿದು ಕುಳಿತಿತ್ತು. ಅಮ್ಮ ಕುಡುಗೋಲಿನ ತುದಿಯಿಂದ ಅದನ್ನು ಕೆರೆದು ತೆಗೆದು, ಹೊಸ ಸುಣ್ಣ ಮೆತ್ತಿದಳು. ಬಾಗಿಲು ಪೂರ್ತಿ ತೆರೆದಿಟ್ಟೆವು. ಮಧ್ಯಾಹ್ನದ ಬಿಸಿಲು ಒಳಗೆ ಬಂದು ಕಲ್ಲಿನ ಮೇಲೆ ಕುಳಿತುಕೊಂಡಿತು.

ಸಂಜೆ ಅಮ್ಮ ಹಾಲು ಕರೆಯುತ್ತಿದ್ದಳು, ನಾನು ಕರು ಹಿಡಿದಿದ್ದೆ. ಕುಟ್ಟಿ ಕೊಟ್ಟಿಗೆಗೆ ಬಂತು. ಗಂಜಲ ನಿಂತ ಮೂಲೆಗೆ ಹೋಗಿ ಮೂಸಿತು, ಒಂದು ಸುತ್ತು ತಿರುಗಿತು, ಅಲ್ಲೇ ಉಚ್ಚೆ ಹೊಯ್ದು ಹೊರಟಿತು. ಅಮ್ಮನ ಕೈ ನಿಂತುಹೋಯಿತು.

"ನೋಡ್ದಾ? ಗಂಜಲದ ವಾಸ್ನೆ ಇದ್ದ ಕಡೆ ಉಚ್ಚೆ ಒಯ್ತದೆ ಇದು. ಗೂಡಿನ ಮುಂದೇನೂ ನಾವು ದಿನಾ ಅದನ್ನೇ ಚಿಮುಕಿಸ್ತೀವಿ. ಅದೂ ಕೊಟ್ಟಿಗೆನೇ ಅಂದ್ಕೊಂಡದೆ ಪಾಪ."

ನಾನು ಅಜ್ಜಿಯ ಬಳಿಗೆ ಓಡುವಷ್ಟರಲ್ಲಿ ಅಮ್ಮ ನನ್ನ ಲಂಗ ಹಿಡಿದಳು. "ನಾನೇಳ್ದೆ ಅನ್ಬ್ಯಾಡ. ಗಂಜಲ ಬ್ಯಾಡ ಅಂತ ಸೊಸೆ ಅಂದ್ರೆ ಅದು ಬ್ಯಾರೆ ಮಾತಾಯ್ತದೆ. ಬದಲಿಗೆ ಅರಿಶಿನದ ನೀರು ಆಗಲ್ವಾ ಅಂತ ಕೇಳು."

ಅಜ್ಜಿ ಆಗಲೇ ಗಂಜಲದ ಚೊಂಬು ಹಿಡಿದು ಗೂಡಿನ ಮುಂದೆ ನಿಂತಿದ್ದಳು. ನಾನು ಎದುರಿಗೆ ಹೋಗಿ ಕೇಳಿಯೇಬಿಟ್ಟೆ.

"ಗಂಜಲ ಬ್ಯಾಡ ಅಂತ ಯಾರೇ ಏಳ್ಕೊಟ್ಟಿದ್ದು? ದೇವರು ಬಂದು ಏಳಿದ್ನಾ?"

"ಇಲ್ಲಜ್ಜಿ, ಕುಟ್ಟಿ ಏಳ್ತು."

"ಅದಕ್ಕೆ ಕನ್ನಡ ಬರಲ್ವಂತಲ್ಲೇ!"

ನಾನು ಕೊಟ್ಟಿಗೆಯಲ್ಲಿ ಕಂಡದ್ದನ್ನೆಲ್ಲ ಒದರಿದೆ, ಅಮ್ಮನ ಮಾತೊಂದನ್ನು ಬಿಟ್ಟು. ಅಜ್ಜಿ ಚೊಂಬನ್ನೂ ಗೂಡನ್ನೂ ನೋಡಿದಳು. ಹಾಲಿನೊಂದಿಗೆ ಬಂದಿದ್ದ ಅಮ್ಮ ಬಳೆ ಸದ್ದಾಗದಂತೆ ಕೇಳಿಸಿಕೊಳ್ಳುತ್ತಿದ್ದ ಅಡುಗೆಮನೆಯ ಕಡೆಗೂ ಒಮ್ಮೆ ತಿರುಗಿದಳು. "ತತ್ತಾ ಅರಿಶಿನ. ಅದೂ ದೇವರದ್ದೇ" ಎಂದಳು ಕೊನೆಗೆ.

ಬೆಳಿಗ್ಗೆ ಅಪ್ಪ ಗೋಣಿಚೀಲ ಹಿಡಿದು ಒಳಗೆ ಬಂದಾಗ ಅಜ್ಜಿ ಗೂಡಿನ ಮುಂದೆ ಮಂಡಿಯೂರಿ, ಕಲ್ಲಿಗೆ ಮುಖ ಹಚ್ಚಿದ್ದಳು. ನಮಸ್ಕಾರ ಮಾಡುತ್ತಿದ್ದಾಳೆಂದು ಅಪ್ಪನೂ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಮುಗಿದು ನಿಂತ.

"ಏನ್ಲಾ ಕೈ ಮುಗಿದ್ಕೊಂಡು ನಿಂತಿದ್ದೀಯಾ! ವಾಸ್ನೆ ನೋಡ್ತಾವ್ನಿ ಕಣ್ಲಾ" ಎಂದು ಅಜ್ಜಿ ತಲೆಯೆತ್ತಿದಳು. "ಏನೂ ಇಲ್ಲ. ಒಣಗೈತೆ. ಬರ್ತಾ ಆ ಚೀಲದಾಗೆ ಬದನೆಕಾಯಿ ತಕೊಂಬಾ."

ನಾನು ಕುಟ್ಟಿಯನ್ನು ಎತ್ತಿ ಹಿಂಡಿದ್ದಕ್ಕೆ ಅದು ಪರಚಿತು. ಅಜ್ಜಿ ಆ ಮೇಲೆ ಹೊರಗೆ ಅಂಗಳಕ್ಕೆ ಗಂಜಲ ಚಿಮುಕಿಸಿದರೂ ಗೂಡಿನ ಮುಂದೆ ಅರಿಶಿನದ ನೀರನ್ನೇ ಹಾಕಿದಳು. ಯಾರು ಹೇಳಿಕೊಟ್ಟರೆಂದು ಮತ್ತೆ ಕೇಳಲಿಲ್ಲ. ಆ ಶುಕ್ರವಾರ ಊಟಕ್ಕೆ ಕುಳಿತಾಗ ಮಾತ್ರ ಅಮ್ಮನ ಮುದ್ದೆಯ ಮೇಲೆ ತಾನೇ ಒಂದು ಮಿಳ್ಳೆ ತುಪ್ಪ ಸುರಿದಳು.

ಈಗ ಬಂಗಾರಪೇಟೆಯ ನಿಮ್ಮ ಮನೆಯಲ್ಲಿ ಟೈಲ್ಸ್ ನೆಲ, ಏನು ಚೆಲ್ಲಿದರೂ ಒಳಗೆ ಇಳಿಯುವುದಿಲ್ಲ. ವಾಸನೆ ಹೋಗಲೆಂದೇ ಅಂಗಡಿಯಲ್ಲಿ ನೆಲ ಒರೆಸುವ ದ್ರಾವಣದ ಸೀಸೆ ಸಿಗುತ್ತದೆ. ಅಂಥದ್ದು ಆಗ ಇದ್ದಿದ್ದರೆ ಅಮ್ಮನ ಮೊಣಕೈಗೆ ಎಷ್ಟು ಆರಾಮವಾಗುತ್ತಿತ್ತೋ! ಇದೂ ದೇವರು ಕೊಟ್ಟದ್ದೇ ಎಂದು ನಾನು ಸೀಸೆಗೂ ಮನಸ್ಸಿನಲ್ಲಿ ಕೈಮುಗಿಯುತ್ತೇನೆ. ನಿಮ್ಮ ನಾಯಿಮರಿ ಚಾಪೆ ಒದ್ದೆ ಮಾಡಿದರೆ ಅದನ್ನು ಬಿಟ್ಟುಬನ್ನಿ ಎಂದು ಯಾರೂ ಹೇಳುವುದಿಲ್ಲ. ನಾವು ಮೊದಲು ಅತ್ತು, ಆಮೇಲೆ ಒರೆಸಲು ಕುಳಿತೆವು. ನೀವು ಮೊದಲು ಹೊಟ್ಟೆ ಹಿಡಿದು ನಗುತ್ತೀರಿ, ಆಮೇಲೆ ಬಟ್ಟೆ ಹುಡುಕುತ್ತೀರಿ. ನನಗೆ ನಿಮ್ಮದೇ ಚೆಂದ ಕಾಣುತ್ತದೆ. ಬಟ್ಟೆ ಹುಡುಕುವುದು ಸ್ವಲ್ಪ ಬೇಗ ಆದರೆ ಸಾಕು.