ಕಡಲಿಗೆ ಉಡಿ ತುಂಬಿದ ದಿನ

ಮೊದಲ ಸಲ ಸಮುದ್ರ ಕಂಡಾಗ ಮಾತೇ ಹೊರಡಲಿಲ್ಲ ಎಂದು ಬಯಲುಸೀಮೆಯಿಂದ ಹೋದವರೆಲ್ಲ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಪಣಂಬೂರಿನ ದಂಡೆಯಲ್ಲಿ ನಿಂತಾಗ ನನ್ನ ಬಾಯಿಂದ ಹೊರಟದ್ದು, ಇಷ್ಟು ನೀರಿದ್ದೂ ಒಂದು ಗುಟುಕು ಕುಡಿಯಾಕ ಬರಂಗಿಲ್ಲೇನು ಎಂಬ ತಕರಾರು. ನನ್ನ ಮಾತು ನಿಲ್ಲಿಸಿದ್ದು ಸಮುದ್ರವಲ್ಲ, ಬೆವರು. ನಮ್ಮ ದೋರನಹಳ್ಳಿಯ ಬಿಸಿಲು ಬಡಿಯುತ್ತದೆ ನಿಜ, ಆದರೆ ನೆರಳಿಗೆ ಹೋದರೆ ಬಿಟ್ಟುಬಿಡುತ್ತದೆ. ಮಂಗಳೂರಿನದು ಹಿಂದೆಯೇ ಮನೆಯೊಳಗೆ ಬಂದು ಕೂರುತ್ತದೆ. ಊರಿಂದ ತಂದ ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ ಚಪ್ಪಲಿ ಅಟ್ಟೆಯಂತೆ ಬಾಗಿತು.

ಮನೆ ಹುಡುಕಲು ಹೋದಲ್ಲೆಲ್ಲ ಬಾಡಿಗೆಗಿಂತ ಮೊದಲು ಬಂದ ಪ್ರಶ್ನೆ: ನೀವು ಘಟ್ಟದವರಾ? ಘಟ್ಟದ ಮೇಲಿನಿಂದ ಬಂದ ಎಲ್ಲರಿಗೂ ಇಲ್ಲಿ ಅದೊಂದೇ ಹೆಸರು. ರಸ್ತೆ ಅಗೆಯುವವರು, ಕಾಂಕ್ರೀಟು ಹೊರುವವರು, ಈಗ ನಾನು. ಘಟ್ಟವನ್ನು ನಾನು ಕಂಡದ್ದೇ ಇಲ್ಲಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಎಂದು ಒಬ್ಬ ಮನೆಯೊಡತಿಯ ಜೊತೆ ವಾದಕ್ಕೆ ನಿಂತೆ. ವಾದ ಗೆದ್ದೆ, ಮನೆ ಸಿಗಲಿಲ್ಲ. ಶಹಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು ಅಂಟಿದ ಚಟ. ಕೊನೆಗೆ ಕೋಣೆ ಕೊಟ್ಟ ಅಜ್ಜಿಯ ಹತ್ತಿರ ಕುಚ್ಚಲಕ್ಕಿ ಗಂಜಿ ಉಣ್ಣಲು ಕಲಿತೆ. ಅವರು ನನ್ನ ಖಾರದ ಶೇಂಗಾ ಹಿಂಡಿ ಪುಡಿ ಕಲಸಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು, ಇನ್ನಷ್ಟು ಹಾಕು ಎಂದರು. ಇಲ್ಲಿ ನನ್ನ ಮೊದಲ ಗೆಲುವು ಅದು.

ಕೆಲಸ ಸಿಕ್ಕಿದ್ದು ಪ್ರವಾಸಿಗಳಿಗೆ ಊರು ತೋರಿಸುವ ಒಂದು ಸಣ್ಣ ಸಂಸ್ಥೆಯಲ್ಲಿ. ಚಾವಣಿ ತುಂಬ ಚಿತ್ರವಿರುವ ಚರ್ಚು, ಕದ್ರಿಯ ಕಂಚಿನ ಮೂರ್ತಿ, ನದಿ ದಂಡೆಯ ಸುಲ್ತಾನ್ ಬತ್ತೇರಿ, ಸಂಜೆಗೆ ಕಡಲು. ಇಲ್ಲಿ ಹಳೆಯ ಕಾವಲು ಬುರುಜಿಗೂ ಕಥೆಯುಂಟು, ಫಲಕವುಂಟು, ಪಕ್ಕದಲ್ಲಿ ಐಸ್‌ಕ್ರೀಮುಂಟು. ನಮ್ಮ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಇಡೀ ಬೆಟ್ಟವಿದೆ. ಬಸ್ಸಿಗೆ ಕಾಯುವವರು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಇದ್ದದ್ದನ್ನು ತೋರಿಸುವ ಕಲೆ ಇವರಿಂದ ಕಲಿಯಬೇಕು, ತಕರಾರಿಲ್ಲ.

ತಕರಾರು ಇದ್ದದ್ದು ಷರತ್ತಿನಲ್ಲಿ. ಒಡತಿ ಶಾಲಿನಿ ಮೇಡಂ ಮೊದಲ ವಾರವೇ ಹೇಳಿದರು: "ನಿನಗೆ ವಿಷಯ ಎಲ್ಲ ಗೊತ್ತುಂಟು ಮಾರಾಯ್ತಿ. ಆದ್ರೆ ನೀನು ಬಾಯಿ ತೆಗೆದ್ರೆ ಜಗಳ ಮಾಡಿದ ಹಾಗೆ ಕೇಳ್ತದೆ." ಮಾರಾಯ್ತಿ ಎಂದರೆ ಇಲ್ಲಿ ಪ್ರೀತಿಗೂ ಬೇಸರಕ್ಕೂ ಬಳಸುವ ಒಂದೇ ಕರೆ. ಜನರ ಮುಂದೆ ನಮ್ಮ ಕಡೆಯ ಮಾತು ಬಿಟ್ಟರೆ ಖಾಯಂ, ಇಲ್ಲದಿದ್ದರೆ ಇಲ್ಲ. ಖಾಯಂ ಆಗದಿದ್ದರೆ ವಾಪಸ್ ಊರು. ಹೋದ ಹಾದಿಲೇ ಬಂದ್ಲು ನೋಡ್ರಿ ಎನ್ನಲು ಕಾದಿರುವ ಸಂಬಂಧಿಕರು. ಒಪ್ಪಿಕೊಂಡೆ. 'ತಾವು ಇಲ್ಲಿ ಗಮನಿಸಬಹುದು' ಎಂದು ಶುರು ಮಾಡುವ ಹುಡುಗಿಯಾದೆ.

ಹಾಗಿರುವಾಗ ನಮ್ಮೂರ ಕಡೆಯ ಸುರಪುರದಿಂದ ಹೆಂಗಸರ ಸಂಘವೊಂದು ಬಸ್ಸು ಮಾಡಿಕೊಂಡು ಬಂತು. ಮುಂದಾಳು ಬಸಮ್ಮ, ಊರಲ್ಲಿ ಕಿರಾಣಿ ಅಂಗಡಿ ನಡೆಸುವಾಕೆ. ಚರ್ಚಿನಲ್ಲಿ ಎಲ್ಲರೂ ಚಾವಣಿ ನೋಡಿದರೆ ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹೊರಗೆ ಬಂದು ಯಾವೂರು ಎಂದು ಕೇಳಿದಳು. ಇಲ್ಲೇ ಇರುತ್ತೇನೆ ಎಂದೆ.

"ಇರೂದಲ್ಲ ಯವ್ವಾ, ಊರು ಕೇಳಾಕತ್ತೇನಿ."

ದೋರನಹಳ್ಳಿ ಎನ್ನಲೇಬೇಕಾಯಿತು.

"ಮತ್ಯಾಕ ಟೀವ್ಯಾಗ ಸುದ್ದಿ ಓದ್ದಂಗ ಮಾತಾಡಾಕತ್ತಿ? ನಾವೇನು ಪರದೇಶದಾಗಿಂದ ಬಂದೀವೇನು?"

ಬಸ್ಸಿಗೆ ಬಸ್ಸೇ ನಕ್ಕಿತು. ಅಲ್ಲಿಂದ ಮುಂದೆ ಬತ್ತೇರಿಯನ್ನೂ ಕದ್ರಿಯನ್ನೂ ನಮ್ಮ ಮಾತಿನಲ್ಲೇ ತೋರಿಸಿದೆ.

ಸಂಜೆ ಕಡಲ ದಂಡೆಗೆ ಇಳಿದವರು ನೀರಿಗೆ ಓಡಲಿಲ್ಲ. ಚೀಲ ಬಿಚ್ಚಿ ಕುಬಸದ ಖಣ, ಅಕ್ಕಿ, ಅರಿಸಿನ ಕುಂಕುಮ, ಕೊಬ್ಬರಿ ಬಟ್ಟಲು ತೆಗೆದರು. ನಮ್ಮ ಕಡೆ ತಿಂಥಣಿ ಜಾತ್ರೆಗೆ ಹೋದಾಗ ಕೃಷ್ಣೆಗೆ ಉಡಿ ತುಂಬುವುದು, ಮನೆಮಗಳಿಗೆ ಮಡಿಲು ತುಂಬಿದ ಹಾಗೆ, ರೂಢಿ. ಗಂಗವ್ವ ಎಲ್ಲಿದ್ದರೂ ಗಂಗವ್ವ ಎಂಬುದು ಅವರ ಲೆಕ್ಕ. ಹೊಳೆ ಕೊಟ್ಟದ್ದನ್ನು ಒಯ್ಯುತ್ತದೆ. ಕಡಲು ಹಾಗಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ, ನನಗೂ. ಪೂಜೆ ಮಾಡಿ ಬಿಟ್ಟ ಖಣವನ್ನು ಅಲೆ ತಂದು ಬಸಮ್ಮನ ಕಾಲಿಗೇ ಸುತ್ತಿತು. ಮತ್ತೆ ಬಿಟ್ಟರು, ಮತ್ತೆ ತಂದಿತು. ಭಾಳ ಸೊಕ್ಕಿನಾಕಿ ಇದ್ದಾಳ ಈಕಿ ಎಂದು ಒಬ್ಬಳು ಬೈದಳು. ಜೀವರಕ್ಷಕ ಸೀಟಿ ಊದತೊಡಗಿದ. ನಾನು ನೀರಿಗಿಳಿದು ಖಣ ಎತ್ತಿ ತಂದೆ. ಬಸಮ್ಮ ಅದನ್ನು ಹಿಂಡಿ, ಉಳಿದ ಅಕ್ಕಿ ಕೊಬ್ಬರಿಯ ಜೊತೆ ನನ್ನ ದುಪಟ್ಟಾದ ಸೆರಗಿಗೆ ಹಾಕಿದಳು.

"ಆಕಿ ಒಲ್ಲೆ ಅಂದ್ರ ನೀ ತಗೋ. ಊರು ಬಿಟ್ಟು ಬರೂವಾಗ ನಿನಗ ಯಾರು ಉಡಿ ತುಂಬ್ಯಾರ?"

ಯಾರೂ ತುಂಬಿರಲಿಲ್ಲ. ಮದುವೆಯಾಗಿ ಹೋಗುವವಳಿಗೆ ತುಂಬುತ್ತಾರೆ, ಕೆಲಸಕ್ಕೆ ಹೋಗುವವಳಿಗೆ ಯಾರೂ ತುಂಬುವುದಿಲ್ಲ.

ಊರೊಳಗೆ ಅವರನ್ನು ಸುತ್ತಿಸಿದ ನಮ್ಮ ಸಂಸ್ಥೆಯ ಚಾಲಕ ಎಲ್ಲವನ್ನೂ ವರದಿ ಮಾಡಿದ. ಮರುದಿನ ಶಾಲಿನಿ ಮೇಡಂ ಎರಡು ಆರೋಪ ಇಟ್ಟರು: ದಂಡೆ ಹೊಲಸು ಮಾಡಲು ಬಿಟ್ಟದ್ದು, ನಮ್ಮ ಮಾತು ಆಡಿದ್ದು. ನಾನು ಅವರ ಕಚೇರಿ ಗೋಡೆಯ ಚಿತ್ರ ತೋರಿಸಿದೆ. ನೂಲ ಹುಣ್ಣಿಮೆಯಂದು ಮೀನುಗಾರರು ಕಡಲಿಗೆ ಹಾಲೆರೆಯುವ ಚಿತ್ರ. ಅದು ಸಂಸ್ಕೃತಿ, ಇದು ಹೊಲಸು ಹೇಗೆ ಎಂದೆ. ಹಾಲು ಕರಗುತ್ತದೆ, ಬಟ್ಟೆ ಕರಗುವುದಿಲ್ಲ ಎಂದರು. ಸರಿಯಾದ ಮಾತು. ಬಟ್ಟೆಯ ವಿಷಯದಲ್ಲಿ ಸೋಲು ಒಪ್ಪಿದೆ. ಇನ್ನು ಮುಂದೆ ಅಕ್ಕಿ ಹೂವು ಸಾಕು ಎಂದು ನಾನೇ ಹೇಳುತ್ತೇನೆ ಎಂದೆ. ಆದರೆ ಮಾತು ಯಾವ ದಂಡೆಯನ್ನು ಹೊಲಸು ಮಾಡಿತು?

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬಸಮ್ಮ. ಯಾದಗಿರಿಯ ಬೀಗರ ಕಡೆಯವರೂ ಬರುತ್ತಾರಂತೆ, ಊರು ತೋರಿಸಲು ನಮ್ಮ ಮಾತಿನ ಹುಡುಗಿಯನ್ನೇ ಕಳಿಸಬೇಕಂತೆ. ಫೋನಿಟ್ಟ ಮೇಡಂ ಮುಖ ಸಡಿಲಾಯಿತು. ನಿಮ್ಮ ಕಡೆಯವರು ಬಂದರೆ ನಿಮ್ಮ ಮಾತು ಆಡು, ಉಳಿದವರ ಮುಂದೆ ಚಂದ ಮಾಡಿ ಮಾತಾಡು, ಖಾಯಂ ಮಾಡುತ್ತೇನೆ ಎಂದರು. "ನಿನಗೆ ಎರಡೂ ಬರ್ತದಲ್ಲ, ಎಂತ ಕಷ್ಟ?"

ಈ ಬರಹವನ್ನೂ ನಾನು ಪುಸ್ತಕದ ಕನ್ನಡದಲ್ಲೇ ಬರೆದಿದ್ದೇನೆ ಎಂದು ನೀವು ಎತ್ತಿ ತೋರಿಸಬಹುದು. ಬರೆಯುವಾಗ ಆರಿಸಿಕೊಂಡವಳು ನಾನು. ಫೋನಿನಲ್ಲಿ ಅವ್ವ, ನಿನ್ನ ಮಾತಿನ್ಯಾಗ ಕರಾವಳಿ ಹೊಕ್ಕೈತಿ ಎಂದು ನಗುತ್ತಾಳೆ. ಹೊಕ್ಕಿದೆ, ಇರಲಿ. ಈ ಊರು ನನಗೆ ಬೇಕು, ಬೆವರಿನ ಸಮೇತ ಬೇಕು. ಆ ಊರನ್ನು ಬಾಯಿಂದ ತೆಗೆದಿಟ್ಟು ಇದನ್ನು ಪಡೆಯಲು ಮಾತ್ರ ತಯಾರಿಲ್ಲ.

ಹಾಗಾಗಿ ಅವತ್ತು ಮೇಡಂ ಅವರನ್ನು ನಮ್ಮ ಮಾತಿನಲ್ಲೇ ಕೇಳಿದೆ.

"ಗಿರಾಕಿ ತರಾಕ ನನ್ನ ಮಾತು ಬೇಕು, ಉಳಿದ ಗಿರಾಕಿ ಮುಂದ ಬ್ಯಾಡ. ಹಂಗಾರ ನೀವು ಖಾಯಂ ಮಾಡೂದು ಯಾರನ್ನರಿ ಮೇಡಂ?"