ಒಂದು ಸಲ ಮಾಡಿ ಮೂರು ಸಲ ಬರೆದದ್ದು

ಇಲ್ಲಿ ಹತ್ತು ನಿಮಿಷ ತಡವಾಗಿ ಬಂದ ವಿದ್ಯಾರ್ಥಿಯನ್ನು ಲ್ಯಾಬಿನ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸುವವಳು ನಾನೇ. ಮೊದಲ ದಿನ ಒಬ್ಬ ಹುಡುಗ ಬೆವರು ಒರೆಸಿಕೊಳ್ಳುತ್ತಾ ಬಂದು, ‘ಮ್ಯಾಮ್, ಬನಶಂಕರಿ ಸಿಗ್ನಲ್ಲಲ್ಲಿ ಬಸ್ ನಿಂತೇ ಹೋಯ್ತು, ಪ್ಲೀಸ್’ ಅಂದ. ಬೆಳಿಗ್ಗೆ ಅದೇ ಸಿಗ್ನಲ್ಲಿನಲ್ಲಿ ನನಗೂ ಜೀವ ಹೋಗಿ ಬಂದಿತ್ತು. ಆದರೂ ಕೈಯಲ್ಲಿದ್ದ ಹಾಳೆ ನೋಡಿ, ‘ಎರಡನೇ ಪುಟ, ನಾಲ್ಕನೇ ನಿಯಮ’ ಎಂದೆ. ಅವನು ಹೋದ. ಇಲ್ಲಿಗೆ ಬರುವ ಮೊದಲು, ಕುಷ್ಟಗಿ ಕಡೆಯ ನಮ್ಮ ಕಾಲೇಜಿನಲ್ಲಿ ಬಸ್ಸು ತಪ್ಪಿಸಿಕೊಂಡು ಮಧ್ಯಾಹ್ನ ಬಂದವರನ್ನೂ ‘ಊಟ ಆಗೇತೇನು?’ ಎಂದು ಕೇಳಿ ಒಳಗೆ ಕರೆದುಕೊಳ್ಳುತ್ತಿದ್ದವಳು ನಾನು.

ಆ ಹಾಳೆಯ ವಿಷಯ ಹೇಳಬೇಕು. ಅದಕ್ಕೆ ಇಲ್ಲಿ ‘ಕೋರ್ಸ್ ಪಾಲಿಸಿ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಮೊದಲ ಸೆಮಿಸ್ಟರಿನ ರಸಾಯನಶಾಸ್ತ್ರಕ್ಕೆ ಸೇರಿದ ಪ್ರತಿಯೊಬ್ಬರೂ ಅದನ್ನು ಓದಿ ಕೊನೆಯಲ್ಲಿ ಸಹಿ ಹಾಕಬೇಕು. ಕಲಿಸುವವರೂ ಹಾಕಬೇಕು. ಎಷ್ಟು ಹಾಜರಿ ಬೇಕು, ಎಂಥ ಶೂ ಹಾಕಬೇಕು, ಕೂದಲು ಹೇಗೆ ಕಟ್ಟಬೇಕು, ಕಿರುಪರೀಕ್ಷೆ ತಪ್ಪಿದರೆ ಏನು ಗತಿ, ಎಲ್ಲವೂ ಅದರಲ್ಲಿದೆ. ನನ್ನ ಮದುವೆಯ ಮಾತುಕತೆಯಲ್ಲೂ ಇಷ್ಟು ಕರಾರು ಇರಲಿಲ್ಲ. ಮೂರನೇ ಪುಟ ಲ್ಯಾಬ್ ಪುಸ್ತಕದ್ದು: ಅಳತೆಯನ್ನು ನೋಡಿದ ಕೂಡಲೇ ಪೆನ್ನಿನಲ್ಲಿ ಬರೆಯಬೇಕು, ಅಳಿಸಬಾರದು, ಹಾಳೆ ಹರಿಯಬಾರದು, ಕಲಿಸುವವರು ಕಣ್ಣಾರೆ ನೋಡಿ ಸಹಿ ಮಾಡಬೇಕು. ಮಾಡದೇ ಬರೆದ ಅಳತೆಗೆ ಆ ದಿನದ ಲ್ಯಾಬಿನಲ್ಲಿ ಸೊನ್ನೆ. ಎರಡನೇ ಸಲ ಸಿಕ್ಕಿಬಿದ್ದರೆ ಇಡೀ ವಿಷಯದಲ್ಲೇ ಫೇಲು.

ನಾನು ಸಹಿ ಹಾಕಿದೆ. ಹಾಕದೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ಕಾಲೇಜಿನಲ್ಲಿ ವಿಜ್ಞಾನಕ್ಕೆ ಹುಡುಗರು ಬರುವುದು ನಿಂತು ವಿಭಾಗವೇ ಮುಚ್ಚಿದ ಮೇಲೆ, ಗಂಡನನ್ನೂ ಮಗಳನ್ನೂ ಊರಿನಲ್ಲಿ ಬಿಟ್ಟು ಜೆ.ಪಿ. ನಗರದಾಚೆಯ ಈ ಖಾಸಗಿ ವಿಶ್ವವಿದ್ಯಾಲಯಕ್ಕೆ ಬಂದವಳು ನಾನು. ಆರು ತಿಂಗಳು ನೋಡಿ ಆಮೇಲೆ ಕೆಲಸ ಕಾಯಂ ಮಾಡುತ್ತಾರೆ. ಬೇಡವೆಂದರೆ ವಾಪಸ್ ಹೋಗಲು ಅಲ್ಲಿ ನನಗೊಂದು ಕುರ್ಚಿಯೂ ಉಳಿದಿಲ್ಲ.

ಮನೆ ಸಿಕ್ಕಿದ್ದು ಉತ್ತರಹಳ್ಳಿಯಲ್ಲಿ, ಜಯಮ್ಮನವರ ಮಹಡಿಯ ಮೇಲಿನ ಒಂದು ಕೋಣೆ. ಈ ಕಟ್ಟಡ ನಿಂತಿರುವ ಜಾಗದಲ್ಲಿ ಅವರು ಸೊಸೆಯಾಗಿ ಬಂದಾಗ ರಾಗಿ ಹೊಲವಿತ್ತಂತೆ. ಮೊದಲ ವಾರವೇ ಮುದ್ದೆ, ಬಸ್ಸಾರು ತಂದುಕೊಟ್ಟರು. ಬಸ್ಸಾರು ಅಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದ ಮಾಡುವ ಸಾರು. ನಾನು ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತಾ ಕೂತದ್ದನ್ನು ನೋಡಿ, ‘ಅಗೀಬಾರ್ದು ಕಣಮ್ಮ, ನುಂಗ್ಬೇಕು’ ಅಂದರು. ನುಂಗುವುದು ಕಲಿಯಲು ಒಂದು ತಿಂಗಳು ಬೇಕಾಯಿತು. ಕಲಿತ ದಿನ ಮಗಳಿಗೆ ಫೋನ್ ಮಾಡಿ ಹೇಳಿದೆ. ಖಡಕ್ ರೊಟ್ಟಿ ಬೇಕೆನಿಸಿದರೆ ಎರಡು ಬಸ್ಸು ಬದಲಿಸಿ ಹನುಮಂತನಗರದ ಒಂದು ಅಂಗಡಿಗೆ ಹೋಗಬೇಕು. ಅಲ್ಲಿ, ಇಲ್ಲಿ, ಎಲ್ಲ ಕಡೆ ನಾನು ಬಾಯಿ ತೆರೆದರೆ ಸಾಕು, ‘ಮೇಡಂ, ನಿಮ್ದು ಹುಬ್ಳೀನಾ?’ ಎಂದು ಕೇಳುತ್ತಾರೆ. ಇವರ ಲೆಕ್ಕದಲ್ಲಿ ತುಂಗಭದ್ರೆಯ ಆಚೆ ಇರುವುದೆಲ್ಲ ಹುಬ್ಬಳ್ಳಿಯೇ. ಮೊದಮೊದಲು ತಿದ್ದುತ್ತಿದ್ದೆ, ಈಗ ಹೂಂ ಅಂದುಬಿಡುತ್ತೇನೆ.

ಹೀಗಿರುವಾಗ ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, ‘ಅಕ್ಕೋರ, ನೀವು ನಮ್ಮ ಕಡೆಯವರೇನ್ರಿ?’ ಎಂದು ಕೇಳಿದಳು. ಲಿಂಗಸುಗೂರು ಕಡೆಯ ಶರಣಮ್ಮ. ಎಲ್ಲರೂ ಮ್ಯಾಮ್ ಅನ್ನುವ ಕಟ್ಟಡದಲ್ಲಿ ಅಕ್ಕೋರ ಅನ್ನಿಸಿಕೊಂಡು ನನಗೆ ಕಣ್ಣು ತುಂಬಿ ಬಂತು.

ಮೂರನೇ ವಾರ ಟೈಟ್ರೇಶನ್. ಬ್ಯೂರೆಟ್ ಎಂಬ ಉದ್ದ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಆಸಿಡ್ಡಿಗೆ ಬಿಡುವುದು, ನಸುಗುಲಾಬಿ ಬಣ್ಣ ಬಂದು ನಿಂತ ಕೂಡಲೇ ಅಳತೆ ನೋಡುವುದು. ಮೂರು ಸಲ ಮಾಡಬೇಕು, ಮೂರೂ ಅಳತೆ ಹತ್ತಿರ ಹತ್ತಿರ ಬಂದಷ್ಟೂ ಅಂಕ ಹೆಚ್ಚು. ಕೊನೆಗೆ ಮೂವತ್ತು ಮಂದಿ ಒಟ್ಟಿಗೆ ಪುಸ್ತಕ ಹಿಡಿದು ನಿಂತರು. ಶರಣಮ್ಮನ ಪುಸ್ತಕದಲ್ಲಿ 9.8, 9.8, 9.8 ಎಂದಿತ್ತು. ನಾನು ಸಹಿ ಮಾಡಿದೆ.

ಕೈ ತಾನಾಗಿ ಮಾಡಿತು. ಒಂಬತ್ತು ವರ್ಷದ ಅಭ್ಯಾಸ. ನಮ್ಮಲ್ಲಿ ಇದ್ದದ್ದು ನಾಲ್ಕು ಬ್ಯೂರೆಟ್, ಅದರಲ್ಲಿ ಎರಡು ಸೋರುತ್ತಿದ್ದವು. ಒಂದು ಬಾಟಲಿ ಆಸಿಡ್ಡು ಇಡೀ ವರ್ಷಕ್ಕೆ ಬರಬೇಕು. ಅದಕ್ಕೇ ನಾನೇ ಹೇಳಿಕೊಡುತ್ತಿದ್ದೆ: ಒಂದು ಸಲ ಮಾಡಿ, ಮೂರು ಸಲ ಬರೆಯಿರಿ. ಆಸುಪಾಸಿನ ಕಾಲೇಜುಗಳಲ್ಲೂ ಅದೇ ಪದ್ಧತಿ. ಅದು ಸುಳ್ಳು ಎಂದು ನಮಗಾರಿಗೂ ಒಂದು ದಿನವೂ ಅನ್ನಿಸಿರಲಿಲ್ಲ.

ಶುಕ್ರವಾರ ನಮ್ಮ ಕೋರ್ಸಿನ ಉಸ್ತುವಾರಿ ನೋಡುವ ಅನುರಾಧಾ ಮೇಡಂ ಪುಸ್ತಕಗಳನ್ನೆಲ್ಲ ತಿರುವಿ ನೋಡಿ ತರಗತಿಗೆ ಬಂದರು. ಶರಣಮ್ಮನ ಪುಸ್ತಕ ಎತ್ತಿ ಹಿಡಿದು, ‘ಫಸ್ಟ್ ಸೆಮ್‌ನಲ್ಲಿ ಇಷ್ಟು ಕ್ಲೀನಾಗಿ ಮಾಡಿರೋದು ನಾನು ನೋಡೇ ಇಲ್ಲ. ಸೋಮವಾರ ಇವಳೇ ನಿಮ್ಮೆಲ್ಲರ ಮುಂದೆ ಮಾಡಿ ತೋರಿಸ್ತಾಳೆ’ ಎಂದರು. ಅವಳ ಪಕ್ಕದಲ್ಲಿ ಕೂರುವ ಬಿಟಿಎಂ ಲೇಔಟಿನ ಹುಡುಗಿ ಮೂರು ಸಲವೂ ನಿಜವಾಗಿ ಮಾಡಿ, ಮೂರೂ ಬೇರೆ ಬೇರೆ ಬಂದು, ಅಂಕ ಕಳೆದುಕೊಂಡಿದ್ದಳು. ಅವಳು ತಲೆ ತಗ್ಗಿಸಿ ಕೂತಿದ್ದಳು.

ಹೊರಗೆ ಬಂದ ಶರಣಮ್ಮ ನನ್ನನ್ನು ಮೂಲೆಗೆ ಕರೆದಳು. ‘ಅಕ್ಕೋರ, ನಾ ಒಂದ ಸಲ ಮಾಡೀನ್ರಿ. ಸುಮ್ನ ಮೂರ ಸಲ ಆಸಿಡ್ ಯಾಕ ಕೆಡಸೂದು ಅಂತ. ನಮ್ಮ ಕಾಲೇಜಿನ್ಯಾಗೂ ಹಂಗ ಮಾಡ್ತಿದ್ವಿ. ಸೋಮವಾರ ಮೂರೂ ಬ್ಯಾರೆ ಬಂದ್ರ ಹೆಂಗ್ರಿ?’

‘ಇಲ್ಲಿ ಅದು ತಪ್ಪವ್ವ. ಮೂರನೇ ಪುಟ ಓದಿಲ್ಲೇನು?’ ಎಂದೆ.

‘ಎಲ್ಲಿ ಸಹಿ ಮಾಡು ಅಂದ್ರೋ ಅಲ್ಲಿ ಮಾಡೀನ್ರಿ. ನೀವೂ ಮಾಡೀರಲ್ರಿ ನನ್ನ ಪುಸ್ತಕಕ್ಕ.’ ಚುಚ್ಚಬೇಕೆಂದು ಆಡಿದ ಮಾತಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ.

ಶನಿವಾರ, ಭಾನುವಾರ ಹೇಗೆ ಕಳೆದೆನೋ ನನಗೇ ಗೊತ್ತು. ಸುಮ್ಮನಿದ್ದರೆ ಇಬ್ಬರೂ ಬಚಾವ್. ಸೋಮವಾರ ಅಳತೆ ಬೇರೆ ಬಂದರೆ, ಎಲ್ಲರೆದುರು ಕೈ ನಡುಗಿತು ಅಂದರೆ ಮುಗಿಯಿತು. ಬಾಯಿ ಬಿಟ್ಟರೆ ಅವಳಿಗೆ ಸೊನ್ನೆ, ನೋಡದೇ ಸಹಿ ಮಾಡಿದ ನನಗೆ ಕೆಲಸ ಉಳಿಯುತ್ತದೆಯೋ ಇಲ್ಲವೋ. ಸುಮ್ಮನಿದ್ದು ಅವಳು ಮತ್ತೊಮ್ಮೆ ಹೀಗೇ ಮಾಡಿದರೆ? ಪಕ್ಕದ ಹುಡುಗಿಯ ಬಗ್ಗಿದ ತಲೆ ಬೇರೆ ಕಣ್ಣ ಮುಂದೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಜಯಮ್ಮ, ‘ಯಾಕೆ ಮೇಡಂ, ಮುಖ ಇಷ್ಟು ಸಣ್ಣ ಮಾಡ್ಕೊಂಡಿದೀರಾ?’ ಎಂದರು. ಹೇಳಿಕೊಂಡೆ.

‘ಯಾರ್ಗೂ ಗೊತ್ತಾಗಲ್ಲ ಅಂದ್ಮೇಲೆ ಬಿಡಿ ಅತ್ಲಾಗೆ’ ಅಂದರು. ಇನ್ನೊಂದು ಕಂತೆ ಬಿಡಿಸಿ ಮುಗಿಸಿದ ಮೇಲೆ, ‘ಆದ್ರೂ ಆ ಮಗೀಗೆ ಗೊತ್ತಲ್ಲ’ ಅಂದರು.

ಸೋಮವಾರ ಬೇಗ ಹೋಗಿ ಅನುರಾಧಾ ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ನೋಡ್ದೇನೇ ಸೈನ್ ಮಾಡಿದ್ರಾ?’

‘ಹೌದು ಮೇಡಂ. ತಪ್ಪು ನಂದೇ ಅಂತ ಬರ್ಕೊಳ್ರಿ, ಹುಡುಗೀನ ಬಿಟ್ಟುಬಿಡ್ರಿ.’

‘ಹೇಗೆ ಬಿಡ್ಲಿ? ಪಾಲಿಸೀಲಿ ಇಬ್ರ ಸೈನೂ ಇದೆಯಲ್ಲ. ಅವಳಿಗೆ ಝೀರೋ. ಇವತ್ತು ಮಾಡಿ ತೋರಿಸೋದೂ ಬೇಡ. ನೀವು ನಡೆದಿದ್ದೆಲ್ಲ ಬರೆದು ಕೊಡಿ. ನಿಮ್ಮ ಕೆಲಸ ಪರ್ಮನೆಂಟ್ ಮಾಡುವಾಗ ಅದನ್ನೂ ನೋಡ್ತಾರೆ, ನಾನೇನೂ ಮಾಡಕ್ಕಾಗಲ್ಲ.’

ಬರೆದು ಕೊಟ್ಟೆ. ಆಮೇಲೆ ಶರಣಮ್ಮನಿಗೆ ನಾನೇ ಹೇಳಿದೆ. ಅವಳು ಅಳಲಿಲ್ಲ. ‘ನಮ್ಮ ಕಡೆಯವರು ಅಂತ ನಿಮ್ಮ ಮುಂದ ಹೇಳಿದ್ನಿರಿ’ ಅಂದಳು. ಹೊರಟವಳು ತಿರುಗಿ, ‘ಊರಾಗ ಎಷ್ಟ ಮಂದೀಗೆ ಹಿಂಗ ಸಹಿ ಮಾಡೀರಿ? ಅವರಿಗೂ ಸೊನ್ನಿ ಹಾಕ್ತೀರೇನು?’ ಎಂದು ಕೇಳಿದಳು.

ಈಗ ಅವಳು ಮೂರು ಸಲವೂ ಮಾಡುತ್ತಾಳೆ. ಕೊನೆಯ ಹನಿ ಬೀಳುವವರೆಗೂ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಅಳತೆಗಳು ಬೇರೆ ಬೇರೆ ಬರುತ್ತವೆ, ಅಂಕ ಸುಮಾರಾಗಿ ಬರುತ್ತದೆ. ನನ್ನೊಡನೆ ಬೇಕಾದಷ್ಟೇ ಮಾತು. ಆರು ತಿಂಗಳು ತುಂಬಿದರೂ ನನಗಿನ್ನೂ ಕಾಯಂ ಪತ್ರ ಬಂದಿಲ್ಲ. ಬಾಗಿಲು ಸದ್ದಾದರೆ ಅದೇ ಬಂತೇನೋ, ಇಲ್ಲ ಬೇರೆ ಪತ್ರವೇನೋ ಎಂದು ಎದ್ದು ಹೋಗಿ ನೋಡುತ್ತೇನೆ.

ಒಂಬತ್ತು ವರ್ಷ ನನ್ನ ಕೈಯಲ್ಲಿ ಕಲಿತವರೇ, ಇದನ್ನು ಬರೆಯುತ್ತಿರುವುದು ನಿಮಗೆ. ನಿಮ್ಮ ಪುಸ್ತಕಗಳ ಎರಡನೇ, ಮೂರನೇ ಸಾಲಿನ ಅಂಕಿಗಳು ಬ್ಯೂರೆಟ್ಟಿನಲ್ಲಿ ಕಂಡವಲ್ಲ, ನಾನು ಬರೆಸಿದವು. ನಿಮ್ಮಲ್ಲಿ ಕೆಲವರು ಈಗ ಕಲಿಸುತ್ತಿದ್ದೀರಿ. ಮಾಡದಿದ್ದುದನ್ನು ಬರೆಸಬೇಡಿ, ಒಂದೇ ಸಲ ಮಾಡಲು ಸಾಧ್ಯವಾದರೆ ಒಂದೇ ಸಲ ಬರೆಯಿಸಿ. ಇಲ್ಲಿ ನಿಂತು ಈ ನಿಯಮ ಸರಿ ಅನ್ನುತ್ತೇನೆ, ಅನ್ನುವಾಗ ನಿಮ್ಮ ಮುಖಗಳು ನೆನಪಾಗುತ್ತವೆ. ಶರಣಮ್ಮ ಕೇಳಿದ ಸೊನ್ನೆ ನಿಮ್ಮದಲ್ಲ, ನನ್ನದು, ಒಪ್ಪಿಕೊಂಡಿದ್ದೇನೆ. ಆದರೆ ವರ್ಷಕ್ಕೊಂದೇ ಬಾಟಲಿ ಆಸಿಡ್ಡು ಕೊಟ್ಟು ಮೂರು ಸಲ ಮಾಡಿ ಅಂದವರಿಗೆ ಎಷ್ಟು ಅಂಕ ಕೊಡಬೇಕು ಎಂಬುದು ಇಲ್ಲಿಯ ಯಾವ ಪುಟದಲ್ಲೂ ಬರೆದಿಲ್ಲ.